ಬ್ಯಾರನ್ ದಾಟಿದ ಸೊಪ್ಪನ್ನು ಬೂಷ್ಟಿನಿಂದ ಕಾಯುವುದು

ಚಿತ್ತೆ ಕಳೆದು ಸ್ವಾತಿ ಮಳೆ ಹಿಡಿಯುವ ಹೊತ್ತಿಗೆ ನಮ್ಮ ರಾವಂದೂರು ಹೋಬಳಿಯಲ್ಲಿ ಹೊಗೆಸೊಪ್ಪಿನ ಹೊಲಗಳು ಖಾಲಿಯಾಗಿರುತ್ತವೆ. ಬುಡದ ಎಲೆಯಿಂದ ತುದಿಯ ಎಲೆಯವರೆಗೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿನಲ್ಲಿ ಬೇಯಿಸಿ, ಶೆಡ್ಡಿನಲ್ಲಿ ಪೇರಿಸಿಟ್ಟಾಗಿರುತ್ತದೆ. ಇನ್ನು ಗ್ರೇಡ್ ಮಾಡಿ, ಬೇಲು ಕಟ್ಟಿ, ಹರಾಜಿನ ಸರದಿ ಕಾಯಬೇಕು. ಊರಿನ ಗಂಡಸರು ಆಗ ಸ್ವಲ್ಪ ನಿರಾಳವಾಗುತ್ತಾರೆ. ನನಗೆ ಮಾತ್ರ ವರ್ಷದ ಕಷ್ಟದ ದಿನಗಳು ಅಲ್ಲಿಂದ ಶುರು. ನಾಟಿ ಹಾಕಿದಾಗಿನಿಂದ ಮನೆಮಂದಿಯೆಲ್ಲ ಪಟ್ಟ ಪಾಡು, ಸೌದೆಗೆ ಸುರಿದ ದುಡ್ಡು, ತೀರಿಸಬೇಕಾದ ಸಾಲ, ಎಲ್ಲವೂ ಆ ಒಂದು ಶೆಡ್ಡಿನೊಳಗಿರುತ್ತದೆ. ಹೊರಗೆ ಮೋಡ ಕಟ್ಟಿ ನಾಲ್ಕಾರು ದಿನ ಬಿಸಿಲು ಕಾಣದೆ ಹೋದರೆ ಸಾಕು, ಎಲೆಯ ನಡುನರದ ಉದ್ದಕ್ಕೂ ತೆಳ್ಳಗೆ ಬಿಳುಪು ಕಾಣಿಸಿಕೊಳ್ಳುತ್ತದೆ. ಒಂದೆರಡು ದಿನಕ್ಕೆ ಅದು ಹಸಿರಿಗೆ ತಿರುಗುತ್ತದೆ. ಆಮೇಲೆ ಆ ಎಲೆಯನ್ನು ಮೊದಲಿನಂತೆ ಮಾಡಲು ಯಾರಿಂದಲೂ ಆಗುವುದಿಲ್ಲ.

ಸೊಪ್ಪಿನ ಕೋಣೆಯ ಬೀಗದ ಕೈ ಅತ್ತೆಯವರಿಂದ ನನಗೆ ಬಂದದ್ದು. ನಮ್ಮ ಕಡೆ ಉಳುವುದು, ಬ್ಯಾರನ್ನಿಗೆ ಉರಿ ಹಾಕುವುದು, ಹರಾಜಿಗೆ ಹೋಗುವುದು ಗಂಡಸರ ಪಾಲು. ಕಡ್ಡಿಗೆ ಕಟ್ಟುವುದು, ಬಿಚ್ಚುವುದು, ಬಣ್ಣ ನೋಡಿ ಬೇರೆ ಮಾಡುವುದು ಹೆಚ್ಚಾಗಿ ಹೆಂಗಸರ ಕೈ. ಹಾಗಾಗಿ ಬೂಷ್ಟನ್ನು ಮೊದಲು ಕಾಣುವವರೂ ನಾವೇ. ಕೃಷಿ ಪುಸ್ತಕಗಳಲ್ಲಿ ಸಸಿಮಡಿಯ ರೋಗ, ಎಲೆ ತಿನ್ನುವ ಹುಳ, ಗೊಬ್ಬರದ ಲೆಕ್ಕಕ್ಕೆ ಪುಟಗಟ್ಟಲೆ ಜಾಗ ಇರುತ್ತದೆ. ಬೇಯಿಸಿದ ಮೇಲೆ ಸೊಪ್ಪನ್ನು ಇಟ್ಟುಕೊಳ್ಳುವ ವಿಷಯ ಬಂದಾಗ ಎರಡು ಸಾಲು. ಆ ಎರಡು ಸಾಲಿನಲ್ಲಿ ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯಬೇಕೆಂದು ನನ್ನ ಆಸೆ.

ದೂರದ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಹಗುರ ಕೆಂಪು ಮಣ್ಣಿನಲ್ಲಿ ಮಳೆ ನಂಬಿ ಬೆಳೆಯುವುದು ವರ್ಜೀನಿಯಾ ಜಾತಿಯ ಹೊಗೆಸೊಪ್ಪು. ಇದು ಸಿಗರೇಟಿಗೆ ಹೋಗುವ ಸೊಪ್ಪು. ನಿಪ್ಪಾಣಿ ಕಡೆಯ ಬೀಡಿ ತಂಬಾಕಿನ ದಾರಿಯೇ ಬೇರೆ, ಚುಟ್ಟ ಮತ್ತು ಸಿಗಾರಿನ ಸೊಪ್ಪಿನ ದಾರಿಯೂ ಬೇರೆ. ಯಾರು ಬೆಳೆಯಬೇಕು, ಎಷ್ಟು ಬೆಳೆಯಬೇಕು ಎಂಬುದನ್ನು 1976ರಲ್ಲಿ ಶುರುವಾದ ತಂಬಾಕು ಮಂಡಳಿ ನಿರ್ಧರಿಸುತ್ತದೆ. ಮಂಡಳಿಯ ಹರಾಜು ಪದ್ಧತಿ 1984ರಲ್ಲಿ ನಮ್ಮ ರಾಜ್ಯದಲ್ಲೇ ಮೊದಲು ಬಂದು, ಮರುವರ್ಷ ಆಂಧ್ರಕ್ಕೆ ಹೋಯಿತು. ಅಲ್ಲಿಂದೀಚೆಗೆ ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದಂಥ ಊರುಗಳ ಹೆಸರು ಹೇಳಿದರೆ ನಮಗೆ ನೆನಪಾಗುವುದು ಬೇಲುಗಳ ಸಾಲು. ಸಾಲಿನಲ್ಲಿಟ್ಟ ಬೇಲನ್ನು ಬಿಚ್ಚಿದಾಗ ಮುಗ್ಗಲು ವಾಸನೆ ಬಂದರೆ ಕೊಳ್ಳುವವರು ಮುಂದಿನ ಬೇಲಿಗೆ ನಡೆಯುತ್ತಾರೆ. 'ನೋ ಬಿಡ್' ಆದ ಆ ಬೇಲನ್ನು ಮತ್ತೆ ಗಾಡಿಗೇರಿಸಿ ಮನೆಗೆ ತರುವ ಸಂಕಟ ಅನುಭವಿಸಿದವರಿಗೇ ಗೊತ್ತು.

ಬ್ಯಾರನ್ನಿನಲ್ಲಿ ಸೊಪ್ಪು ಬೇಯುವುದು ಸುಮಾರು ಐದಾರು ದಿನ. ಮೊದಲು 95ರಿಂದ 105 ಡಿಗ್ರಿ ಫ್ಯಾರನ್‌ಹೀಟ್ ಕಾವಿನಲ್ಲಿ ಹಸಿರು ಎಲೆ ಹಳದಿಗೆ ತಿರುಗಬೇಕು. ಆಮೇಲೆ ಕಿಂಡಿ ತೆರೆದು, ಕಾವು ಏರಿಸಿ, ಎಲೆಯ ಹಾಳೆಯನ್ನು ಒಣಗಿಸುತ್ತಾರೆ. ಕೊನೆಗೆ ದಪ್ಪನೆಯ ನಡುನರ ಒಣಗಲು ಕಾವು 160 ಡಿಗ್ರಿಯ ಹತ್ತಿರ ಹೋಗುತ್ತದೆ. ಆ ಕೊನೆಯ ಹಂತದಲ್ಲೇ ಬೂಷ್ಟಿನ ಮೊದಲ ಬೀಜ ಬೀಳುವುದು. ಸೌದೆ ಉಳಿಸಲೆಂದೋ, ಹೊಲದಲ್ಲಿ ಮುಂದಿನ ಎಲೆ ಹಣ್ಣಾಗಿ ಕಾಯುತ್ತಿದೆ ಎಂದೋ ಒಂದು ರಾತ್ರಿ ಮುಂಚೆಯೇ ಉರಿ ನಿಲ್ಲಿಸಿದರೆ, ಎಲೆ ಒಣಗಿರುತ್ತದೆ, ನರದ ಬುಡ ಮಾತ್ರ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಗೊತ್ತೇ ಆಗದು. ಪೇರಿಸಿದ ಮೇಲೆ ಆ ನೀರು ನಿಧಾನವಾಗಿ ಹಾಳೆಗೆ ಇಳಿಯುತ್ತದೆ. ಅದಕ್ಕೇ ನಾನು ಬ್ಯಾರನ್ನಿನ ಮೇಲಿನ ಸಾಲಿನಿಂದಲೂ, ಬಾಗಿಲ ಮೂಲೆಯಿಂದಲೂ ಒಂದೊಂದು ಎಲೆ ತರಿಸಿ, ನರದ ಬುಡವನ್ನೇ ಮುರಿದು ನೋಡುತ್ತೇನೆ. ಬಿಸಿಯಿರುವಾಗ ಅದು ಕಡ್ಡಿಯಂತೆ ಲಟಕ್ಕನೆ ಮುರಿಯಬೇಕು. ಬಾಗಿದರೆ ಉರಿ ಮುಂದುವರಿಯಬೇಕು.

ಪೂರ್ತಿ ಒಣಗಿದ ಸೊಪ್ಪನ್ನು ಹಾಗೆಯೇ ಇಳಿಸಲಾಗದು, ಮುಟ್ಟಿದರೆ ಪುಡಿಯಾಗುತ್ತದೆ. ಆದ್ದರಿಂದ ಬಾಗಿಲು, ಕಿಂಡಿಗಳನ್ನು ರಾತ್ರಿ ತೆರೆದಿಟ್ಟು ತಂಪು ಗಾಳಿಯಿಂದ ಎಲೆಗೆ ಮತ್ತೆ ತೇವ ಕುಡಿಸುತ್ತೇವೆ. ಎಷ್ಟು ಕುಡಿಯಿತು ಎಂಬುದು ಕೈಗೆ ತಿಳಿಯಬೇಕು. ನನ್ನ ಅಳತೆ ಇದು: ಎಲೆಯ ಹಾಳೆಯನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಅದು ಮೆಲ್ಲಗೆ ಸದ್ದು ಮಾಡುತ್ತ ಅರಳಿಕೊಳ್ಳಬೇಕು, ಮುರಿಯಬಾರದು, ಅದೇ ಎಲೆಯ ನಡುನರ ಮಾತ್ರ ಇನ್ನೂ ಮುರಿಯುವಂತಿರಬೇಕು. ಹಿಡಿದ ಎಲೆ ಮುದ್ದೆಯಾಗಿ ಹಾಗೇ ಉಳಿದರೆ, ಅಥವಾ ನರ ಬಳ್ಳಿಯಂತೆ ಬಳುಕಿದರೆ ತೇವ ಮೀರಿದೆ. ಅಂಥ ಸೊಪ್ಪನ್ನು ಆ ದಿನ ಪೇರಿಸಬಾರದು.

ಕೈಯ ಈ ಲೆಕ್ಕಕ್ಕೆ ಅಂಕಿಯ ಲೆಕ್ಕವೂ ಇದೆ. ಹುಣಸೂರಿನಲ್ಲಿ 1957ರಿಂದ ಇರುವ ತಂಬಾಕು ಸಂಶೋಧನಾ ಕೇಂದ್ರ ನಮ್ಮ ಪಕ್ಕದಲ್ಲೇ ಇರುವುದರಿಂದ ಇಂಥ ಮಾತು ನಮ್ಮ ಕಿವಿಗೂ ಬೀಳುತ್ತದೆ. ಒಣಗಿದ ಸೊಪ್ಪು ಸುತ್ತಲ ಗಾಳಿಯ ಜೊತೆ ಸದಾ ತೇವದ ಕೊಡುಕೊಳ್ಳುವಿಕೆ ನಡೆಸುತ್ತಿರುತ್ತದೆ. ಗಾಳಿಯ ತೇವಾಂಶ ಶೇ 60ರಷ್ಟಿದ್ದರೆ ಸೊಪ್ಪಿನೊಳಗಿನ ನೀರು ಅದರ ತೂಕದ ಶೇ 12ರಿಂದ 14ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಗಾಳಿ ಶೇ 70 ಮುಟ್ಟಿದರೆ ಎಲೆ ಶೇ 17, 18ಕ್ಕೆ ಬರುತ್ತದೆ. ಗಾಳಿ ಶೇ 80 ದಾಟಿದಾಗ ಎಲೆಯೊಳಗೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ನೀರೇ ಇರುತ್ತದೆ. ಆಸ್ಪರ್ಜಿಲ್ಲಸ್, ಪೆನಿಸಿಲಿಯಂ ಎಂಬ ಶಿಲೀಂಧ್ರಗಳ ಕಣಗಳು ಎಲ್ಲ ಮನೆಯ ಗಾಳಿಯಲ್ಲೂ ಇವೆ, ಅವನ್ನು ಹೊರಗಿಡಲು ಸಾಧ್ಯವಿಲ್ಲ. ಗಾಳಿಯ ತೇವಾಂಶ ಶೇ 70ರ ಕೆಳಗಿರುವವರೆಗೆ ಅವು ಹೆಚ್ಚುಕಡಿಮೆ ಮಲಗಿರುತ್ತವೆ. 75ರ ಹತ್ತಿರ ಕೆಲವು ಜಾತಿಗಳು ನಿಧಾನವಾಗಿ ಏಳುತ್ತವೆ. 85 ದಾಟಿದರೆ ಕೆಲವೇ ದಿನ ಸಾಕು. ವರ್ಜೀನಿಯಾ ಸೊಪ್ಪಿನಲ್ಲಿ ಸಕ್ಕರೆಯ ಅಂಶವೂ ಧಾರಾಳ, ಒಣತೂಕದ ನೂರಕ್ಕೆ ಹತ್ತರಿಂದ ಇಪ್ಪತ್ತು ಪಾಲಿನಷ್ಟು. ಸಕ್ಕರೆ ತೇವವನ್ನೂ ಎಳೆದುಕೊಳ್ಳುತ್ತದೆ, ಬೂಷ್ಟಿಗೆ ಆಹಾರವೂ ಆಗುತ್ತದೆ. ನಿಕೋಟಿನ್ ಇರುವ ಕಹಿ ಸೊಪ್ಪಿಗೆ ಬೂಷ್ಟು ಬರುವುದಿಲ್ಲ ಎಂದು ನಂಬಿದವರನ್ನು ನೋಡಿದ್ದೇನೆ. ಆ ನಂಬಿಕೆಗೆ ಆಧಾರವಿಲ್ಲ.

ಇಷ್ಟು ತಿಳಿದವರೂ ಎಡವುವ ಜಾಗ ಒಂದಿದೆ. ಶೆಡ್ಡಿಗೆಲ್ಲ ಒಂದೇ ತೇವಾಂಶ ಅಂದುಕೊಳ್ಳುತ್ತೇವೆ. ನಿಜವಾಗಿ ಗೋಡೆಯ ಬುಡ ಬೇರೆ, ನಡುಕೋಣೆ ಬೇರೆ, ತಗಡಿನ ಮಾಡಿನ ಕೆಳಗೆ ಇನ್ನೂ ಬೇರೆ. ಕಾರಣ ಗಾಳಿಯ ಗುಣ. ಬಿಸಿ ಗಾಳಿ ಹೆಚ್ಚು ನೀರಾವಿ ಹೊರಬಲ್ಲದು, ತಣ್ಣಗಾದಷ್ಟೂ ಆ ಶಕ್ತಿ ಇಳಿಯುತ್ತದೆ. ಶೆಡ್ಡಿನ ನಡುವೆ 25 ಡಿಗ್ರಿ ಸೆಲ್ಸಿಯಸ್ ಇದ್ದು, ತೇವಾಂಶ ಶೇ 65 ಇದೆ ಅನ್ನಿ. ನಿಶ್ಚಿಂತೆಯಿಂದಿರಬಹುದಾದ ಅಂಕಿ. ಅದೇ ಗಾಳಿ 20 ಡಿಗ್ರಿಯ ಕಲ್ಲುಗೋಡೆಯ ಬದಿಗೆ ಹೋದರೆ, ಒಂದು ಹನಿ ನೀರೂ ಹೊಸದಾಗಿ ಸೇರದೆ, ಅಲ್ಲಿ ತೇವಾಂಶ ಶೇ 88ರ ಹತ್ತಿರ ಆಗಿಬಿಡುತ್ತದೆ. 18 ಡಿಗ್ರಿಯ ತಗಡು ಸಿಕ್ಕರೆ ಹನಿಯಾಗಿಯೇ ಇಳಿಯುತ್ತದೆ. ಮಾಗಿಯ ಬೆಳಗ್ಗೆ ಜಿಂಕ್ ಶೀಟಿನ ಒಳಮೈಯಿಂದ ತೊಟ್ಟಿಕ್ಕುವ ನೀರು ಮಳೆಯದಲ್ಲ, ಶೆಡ್ಡಿನ ಗಾಳಿಯದೇ. ಬೂಷ್ಟು ಹುಟ್ಟುವುದು ಶೆಡ್ಡಿನ ಅತಿ ತಣ್ಣಗಿನ ಮೂಲೆಯಲ್ಲಿ, ಅದರಲ್ಲೂ ಗಾಳಿ ಆಡದೆ ನಿಂತ ಕಡೆ. ಸೊಪ್ಪು ಕಾಯುವವರು ಇದೊಂದನ್ನು ಮನಸ್ಸಿಗೆ ತಂದುಕೊಂಡರೆ ಉಳಿದ ಕೆಲಸಗಳೆಲ್ಲ ತಾವಾಗಿ ಹೊಳೆಯುತ್ತವೆ.

ನಮ್ಮ ಶೆಡ್ಡಿನಲ್ಲಿ ಸೊಪ್ಪು ನೆಲಕ್ಕಾಗಲಿ ಗೋಡೆಗಾಗಲಿ ತಾಗುವುದಿಲ್ಲ. ಇಟ್ಟಿಗೆಯ ಮೇಲೆ ಹಲಗೆ, ಹಲಗೆಯ ಮೇಲೆ ಒಣ ಗೋಣಿ, ಅದರ ಮೇಲೆ ಪೇರು. ಗೋಡೆಗೂ ಪೇರಿಗೂ ನಡುವೆ ನಾನು ಅಡ್ಡಲಾಗಿ ನಡೆದು ಹೋಗುವಷ್ಟು ಜಾಗ ಬಿಟ್ಟಿರುತ್ತೇನೆ, ಹೋಗಲಾಗದ ಕಡೆ ನೋಡಲೂ ಆಗುವುದಿಲ್ಲವಲ್ಲ. ತಗಡಿನ ಕೆಳಗೆ ಚಾಪೆ ಕಟ್ಟಿಸಿದ್ದೇವೆ. ಪೇರಿನಲ್ಲಿ ಎಲೆಯ ತುದಿ ಒಳಕ್ಕೆ, ನರದ ಬುಡ ಹೊರಕ್ಕೆ ಬರಬೇಕು; ತೇವ ಹೆಚ್ಚು ಹಿಡಿದಿಡುವುದು ಬುಡ, ಗಾಳಿ ಬೇಕಾದದ್ದೂ ಅದಕ್ಕೇ. ವಾರಕ್ಕೊಮ್ಮೆಯಾದರೂ ಪೇರಿನ ಒಳಕ್ಕೆ ಮೊಣಕೈವರೆಗೆ ಕೈ ತೂರಿಸಿ ನೋಡುತ್ತೇನೆ. ಒಳಗೆ ಬೆಚ್ಚಗಿದ್ದರೆ ತಡ ಮಾಡುವಂತಿಲ್ಲ. ಬೂಷ್ಟು ಉಸಿರಾಡುತ್ತದೆ, ಉಸಿರಾಡುವಾಗ ಶಾಖವನ್ನೂ ನೀರನ್ನೂ ತಾನೇ ಹುಟ್ಟಿಸುತ್ತದೆ, ಆ ನೀರು ಪಕ್ಕದ ಒಣ ಎಲೆಗೆ ಹೋಗುತ್ತದೆ. ಹೀಗೆ ಒಂದು ಹಿಡಿ ಹಸಿ ಸೊಪ್ಪು ಇಡೀ ಪೇರನ್ನು ಕೆಡಿಸಬಲ್ಲದು. ಬೆಚ್ಚಗಾದ ಪೇರನ್ನು ಆ ದಿನವೇ ಬಿಚ್ಚಿ, ಮೇಲಿನದನ್ನು ಕೆಳಕ್ಕೆ, ಒಳಗಿನದನ್ನು ಹೊರಕ್ಕೆ ಹಾಕಿ ಮತ್ತೆ ಕಟ್ಟಬೇಕು. ರಾತ್ರಿಯಾದರೂ ಸರಿ, ಮನೆಯವರನ್ನೆಲ್ಲ ಎಬ್ಬಿಸಿ ಮಾಡಬೇಕು.

ಕಿಟಕಿ ಯಾವಾಗ ತೆರೆಯಬೇಕು ಎಂಬುದರಲ್ಲಿ ಬಹಳ ಮಂದಿ ತಪ್ಪು ತಿಳಿದಿದ್ದಾರೆ. ಗಾಳಿಯಾಡಲಿ ಎಂದು ಜಡಿಮಳೆಯ ದಿನವೂ ತೆರೆದಿಡುತ್ತಾರೆ. ಆಗ ಒಳಬರುವುದು ಶೇ 85, 90 ತೇವದ ಗಾಳಿ. ಬಿಸಿಲು ಬಿದ್ದ ಮಧ್ಯಾಹ್ನ, ಹನ್ನೊಂದರಿಂದ ಮೂರರೊಳಗೆ ತೆರೆಯಬೇಕು, ಸಂಜೆ ಮಂಜು ಇಳಿಯುವ ಮುಂಚೆ ಮುಚ್ಚಬೇಕು. ಒಂದು ಸಣ್ಣ ತೇವಾಂಶ ಮಾಪಕ ಈಗ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸಾವಿರಾರು ರೂಪಾಯಿಯ ಸೊಪ್ಪು ಇಟ್ಟುಕೊಂಡವರು ಅದನ್ನು ಕೊಳ್ಳಲು ಹಿಂದೆಮುಂದೆ ನೋಡಬಾರದು. ಕೊಂಡ ಮೇಲೆ ಅದನ್ನು ನಡುಗಂಬಕ್ಕೆ ನೇತುಹಾಕದೆ ತಣ್ಣನೆ ಮೂಲೆಯಲ್ಲೇ ಇಡಬೇಕು.

ಇನ್ನೊಂದು ಕೆಟ್ಟ ರೂಢಿಯಿದೆ. ಜನವರಿ, ಫೆಬ್ರವರಿಯ ಒಣಹವೆಯಲ್ಲಿ ಸೊಪ್ಪು ಗರಿಗರಿಯಾದಾಗ ಕೆಲವರು ಬೇಲು ಕಟ್ಟುವ ಮೊದಲು ನೇರವಾಗಿ ನೀರು ಚಿಮುಕಿಸುತ್ತಾರೆ. ಎಲೆಯ ಮೇಲೆ ಬಿದ್ದ ಹನಿ ಬಿದ್ದ ಕಡೆಯೇ ಹೀರಿಕೊಂಡು, ಒಂದು ಕಡೆ ಶೇ 30, ಪಕ್ಕದಲ್ಲೇ ಶೇ 10 ಆಗಿ ನಿಲ್ಲುತ್ತದೆ. ಬೇಲು ಬಿಗಿಯಾಗಿ ಕಟ್ಟಿದ ಮೇಲೆ ಒಳಗೆ ಗಾಳಿಯಿಲ್ಲ. ಮೂರು ನಾಲ್ಕು ದಿನ ಸರದಿ ತಡವಾದರೆ ಆ ಹನಿ ಬಿದ್ದ ಜಾಗದಲ್ಲೇ ಚುಕ್ಕಿ ಏಳುತ್ತದೆ. ಖಾಲಿ ಬ್ಯಾರನ್ನಿನ ನೆಲಕ್ಕೆ ನೀರು ಹಾಕಿ, ಒದ್ದೆ ಗೋಣಿ ನೇತುಹಾಕಿ, ಸೊಪ್ಪನ್ನು ಒಂದು ರಾತ್ರಿ ಅಲ್ಲಿಟ್ಟರೆ ಆವಿಯ ರೂಪದಲ್ಲಿ ಸಮವಾಗಿ ತೇವ ಹತ್ತುತ್ತದೆ. ಕೆಲಸ ಹೆಚ್ಚು, ನಿಜ. ಆದರೆ ತೂಕ ಬರಲಿ ಎಂದು ನೀರು ಹೊಡೆಯುವವರು ತಮ್ಮ ಬೇಲಿನ ಜೊತೆ ನಮ್ಮ ಊರಿನ ಹೆಸರನ್ನೂ ಕೆಡಿಸುತ್ತಾರೆ ಎಂಬ ನೋವು ನನಗಿದೆ.

ನಮ್ಮ ಹಿರಿಯರು ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರಲ್ಲ, ಸೊಪ್ಪನ್ನೂ ಹಾಗೆ ಮುಚ್ಚಿಟ್ಟರೆ ಆಗದೇ ಎಂದು ಒಬ್ಬ ಹುಡುಗಿ ಗ್ರೇಡಿಂಗ್ ಮಾಡುತ್ತ ಕೇಳಿದಳು. ಒಳ್ಳೆಯ ಪ್ರಶ್ನೆ. ಹಗೇವಿನೊಳಗೆ ಕಾಳು ಉಸಿರಾಡಿ ಆಮ್ಲಜನಕ ಮುಗಿಸುತ್ತದೆ, ಆಮೇಲೆ ಹುಳುವೂ ಬೂಷ್ಟೂ ಬದುಕುವುದಿಲ್ಲ. ತೆರೆದ ಹಗೇವಿಗೆ ಕೂಡಲೇ ಇಳಿಯಬಾರದು ಎನ್ನುವುದೂ ಅದಕ್ಕೇ. ಬೇಯಿಸಿದ ಸೊಪ್ಪು ಸತ್ತ ಎಲೆ. ಅದು ಕಾಳಿನಂತೆ ಉಸಿರಾಡಿ ಗಾಳಿಯನ್ನು ಮುಗಿಸುವುದಿಲ್ಲ, ನೆಲದ ಥಂಡಿಯನ್ನು ಮಾತ್ರ ಹೀರುತ್ತದೆ. ಸೊಪ್ಪಿಗೆ ಹೊಂದುವ ಲೆಕ್ಕ ನೆರೆಯ ಕೊಡಗಿನ ಕಾಫಿಯದು. ಅಲ್ಲಿ ಅರೇಬಿಕಾ ಪಾರ್ಚ್‌ಮೆಂಟನ್ನು ಶೇ 10ಕ್ಕೆ, ರೋಬಸ್ಟಾ ಚೆರಿಯನ್ನು ಶೇ 11ಕ್ಕೆ ಒಣಗಿಸಿ, ಮತ್ತೆ ತೇವ ತಾಗದಂತೆ ಕಾಯುತ್ತಾರೆ.

ಇದೆಲ್ಲ ಶೆಡ್ಡಿನ ಮಾತು. ಗಾಜಿನ ಬಾಗಿಲಿನ ಕಪಾಟಿಗೂ ಇದೇ ಮಾತು ಹೊಂದುತ್ತದೆ ಎಂದು ನನಗೆ ತಿಳಿದದ್ದು ಮೈದುನನ ಮಗನಿಂದ. ಅವನು ಬೆಂಗಳೂರಿನ ಒಂದು ದೊಡ್ಡ ಹೋಟೆಲಿನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಹೊರದೇಶದ ಸಿಗಾರುಗಳನ್ನು ಇಡುವ ಆಳೆತ್ತರದ ಕಪಾಟು ಇದೆ. ಒಳಗಿನ ತೇವವನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಒಂದು ಮಳೆಗಾಲದಲ್ಲಿ ಫೋನು ಮಾಡಿದ.

"ದೊಡ್ಡವ್ವ, ಸಿಗಾರ್ ಮೇಲೆಲ್ಲ ಬೆಳ್ಳಗೆ ಚುಕ್ಕಿ ಬಂದದೆ. ಮಿಷನ್ನು 70 ಅಂತ ತೋರಿಸ್ತಾ ಅದೆ. ನಮ್ ಮ್ಯಾನೇಜರ್ರು ನನ್ನ ಮ್ಯಾಲೆ ಕೂಗಾಡ್ತಾವ್ರೆ."

"ಎಲ್ಲಾ ಕಡೆ ಬಂದದೋ, ಒಂದೇ ಕಡೆ ಬಂದದೋ ನೋಡು ಮಗ" ಅಂದೆ.

"ಎಡಗಡೆ ಕೆಳಗಿನ ಎರಡು ಹಲಗೆಲಿ."

"ಆ ಗೋಡೆ ಮುಟ್ಟಿ ನೋಡು."

ಎಡಗಡೆಯ ಗೋಡೆ ತಣ್ಣಗಿತ್ತು. ಕೋಣೆಯ ಏಸಿಯ ಗಾಳಿ ನೇರವಾಗಿ ಆ ಪಕ್ಕಕ್ಕೇ ಬೀಸುತ್ತಿತ್ತು. ಮಾಪಕ ಕಪಾಟಿನ ನಡುವೆ ಇತ್ತು. 21 ಡಿಗ್ರಿಯಲ್ಲಿ ಶೇ 70 ತೋರಿಸುವ ಗಾಳಿ 18 ಡಿಗ್ರಿಯ ಮೈಗೆ ತಾಗಿದರೆ ಅಲ್ಲಿ ಶೇ 84 ಆಗುತ್ತದೆ. ನಮ್ಮ ಶೆಡ್ಡಿನ ಕಲ್ಲುಗೋಡೆಯ ಕಥೆಯೇ. ಕಪಾಟನ್ನು ಏಸಿಯ ದಾರಿಯಿಂದ ಸರಿಸಿದ, ಕೆಳಗಿನ ಹಲಗೆಗಳಲ್ಲಿ ಒತ್ತೊತ್ತಾಗಿ ತುಂಬಿದ್ದ ಪೆಟ್ಟಿಗೆಗಳನ್ನು ಬಿಡಿಸಿ ಸಣ್ಣ ಫ್ಯಾನಿನ ಗಾಳಿ ಕೆಳಗಿನವರೆಗೆ ಹರಿಯುವಂತೆ ಮಾಡಿದ, ಯಂತ್ರವನ್ನು 70ರಿಂದ 65ಕ್ಕೆ ಇಳಿಸಿದ. ಆಮೇಲೆ ಆ ವಿಷಯದ ಮೇಲೆ ಅವನೂ ಓದಿಕೊಂಡ, ರಜಕ್ಕೆ ಬಂದಾಗ ನನಗೂ ಹೇಳಿದ. ಸೊಪ್ಪು ಗೊತ್ತಿರುವವರಿಗೆ ಅದರಲ್ಲಿ ಕಲಿಯುವುದು ಬಹಳ ಇದೆ.

ಸಿಗಾರಿನ ಸೊಪ್ಪನ್ನು ನಮ್ಮಂತೆ ಉರಿಯ ಕಾವಿನಲ್ಲಿ ಬೇಯಿಸುವುದಿಲ್ಲ. ನೆರಳಿನ ಗಾಳಿಯಲ್ಲಿ ವಾರಗಟ್ಟಲೆ ಒಣಗಿಸಿ, ಆಮೇಲೆ ಎತ್ತರದ ರಾಶಿ ಹಾಕಿ, ಬೇಕೆಂದೇ ಬೆಚ್ಚಗಾಗಲು ಬಿಟ್ಟು, ಕಾವು ಮಿತಿ ಮುಟ್ಟಿದಾಗ ಬಿಚ್ಚಿ ಮಗುಚುತ್ತಾರೆ. ನಾವು ಹೆದರುವ ಬಿಸಿಯನ್ನೇ ಅವರು ಹಿಡಿತದಲ್ಲಿಟ್ಟು ಬಳಸುತ್ತಾರೆ. ಅಷ್ಟರಲ್ಲಿ ಎಲೆಯ ಸಕ್ಕರೆ ಹೆಚ್ಚುಕಡಿಮೆ ಮುಗಿದಿರುತ್ತದೆ. ಸುತ್ತಿದ ಸಿಗಾರು ತೀರ ಒಣಗಿದರೆ ಹೊರಗಿನ ಎಲೆ ಬಿರಿಯುತ್ತದೆ, ಆದ್ದರಿಂದ ಅದನ್ನು ಶೇ 65ರಿಂದ 70ರ ತೇವದಲ್ಲಿ ಇಡುವುದು ವಾಡಿಕೆ. ಬೂಷ್ಟಿನ ಗಡಿ ಅಲ್ಲಿಂದ ಐದೇ ಹೆಜ್ಜೆ ದೂರ. ನಮ್ಮ ರಾಜ್ಯದ ಮಳೆಗಾಲದಲ್ಲಿ 70ರ ಮೇಲೆ ಇಡುವುದು ಅಪಾಯವೆಂದೇ ನನ್ನ ತೀರ್ಪು. 65 ಸಾಕು.

ಮಾಪಕ ಸರಿಯಾಗಿದೆಯೇ ಎಂದು ನೋಡಲು ಅವನು ಹೇಳಿಕೊಟ್ಟ ಉಪಾಯ ಈಗ ನಮ್ಮ ಶೆಡ್ಡಿಗೂ ಬಂದಿದೆ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಕರಗಿಹೋಗದಂತೆ, ಒದ್ದೆ ಮರಳಿನ ಹಾಗಾಗುವಷ್ಟು ಮಾತ್ರ ನೀರು ಬಿಟ್ಟು, ಮುಚ್ಚಳವನ್ನೂ ಮಾಪಕವನ್ನೂ ಗಾಳಿಯಾಡದ ಪ್ಲಾಸ್ಟಿಕ್ ಕವರಿನಲ್ಲಿ ಒಟ್ಟಿಗೆ ಹಾಕಿ, ರಾತ್ರಿಯಿಡೀ ಬಿಡಬೇಕು. ಒದ್ದೆ ಉಪ್ಪಿನ ಸುತ್ತಲ ಗಾಳಿ ನಮ್ಮ ಮನೆಗಳ ಸಾಮಾನ್ಯ ಕಾವಿನಲ್ಲಿ ಶೇ 75ಕ್ಕೇ ನಿಲ್ಲುತ್ತದೆ. ಬೆಳಗ್ಗೆ ಮಾಪಕ 70 ತೋರಿಸಿದರೆ ಅದು ಐದು ಕಡಿಮೆ ಹೇಳುತ್ತಿದೆ ಎಂದರ್ಥ. ಅದನ್ನು ನಂಬಿ 70ಕ್ಕೆ ಇಟ್ಟ ಕಪಾಟು ನಿಜವಾಗಿ 75ರಲ್ಲಿರುತ್ತದೆ. ಇಷ್ಟು ಸುಲಭದ ಪರೀಕ್ಷೆಯನ್ನು ಪ್ರತಿ ಸೊಪ್ಪಿನ ಮನೆಯಲ್ಲೂ ಕಲಿಯಬೇಕು.

ಅಂಥ ಕಪಾಟುಗಳ ಒಳಮೈಗೆ ಸ್ಪ್ಯಾನಿಷ್ ಸೀಡರ್ ಎಂಬ ಮರದ ಹಲಗೆ ಹಾಕುತ್ತಾರೆ. ಹೆಸರು ಸೀಡರ್ ಆದರೂ ಅದು ನಮ್ಮ ಬೇವಿನ ಕುಟುಂಬಕ್ಕೆ ಸೇರಿದ ಮರ. ಕೊಡಗಿನ ಕಾಫಿ ತೋಟಗಳಲ್ಲಿ ಕಾಣುವ ಟೂನಾ ಮರ ಅದರ ಹತ್ತಿರದ ನೆಂಟ. ಹಿಂದೆ ಎರಡಕ್ಕೂ ಒಂದೇ ಕುಲನಾಮ ಇತ್ತು, ಭಾರತದಲ್ಲಿ ಸಿಗಾರಿನ ಪೆಟ್ಟಿಗೆಗಳಿಗೂ ಚಹಾದ ಪೆಟ್ಟಿಗೆಗಳಿಗೂ ಟೂನಾ ಬಳಸುತ್ತಿದ್ದರು. ಈ ಮರ ಹೆಚ್ಚಾದ ತೇವ ಹೀರಿಕೊಂಡು, ಕಡಿಮೆಯಾದಾಗ ಬಿಟ್ಟುಕೊಡುತ್ತದೆ. ಹೊಸ ಕಪಾಟಿನ ಒಣ ಮರಕ್ಕೆ ತೇವ ಕುಡಿಸಬೇಕೆಂದು ಒದ್ದೆ ಬಟ್ಟೆಯಿಂದ ಒರೆಸಿ ತೊಯಿಸಿದರೆ ಮರಕ್ಕೇ ಬೂಷ್ಟು ಹಿಡಿಯುತ್ತದೆ. ಒಂದು ಬಟ್ಟಲು ನೀರಿಟ್ಟು ಬಾಗಿಲು ಮುಚ್ಚಿ, ವಾರ ಎರಡು ವಾರ ಕಾದರೆ ಮರ ತಾನೇ ಹದಕ್ಕೆ ಬರುತ್ತದೆ. ಬಟ್ಟಲಿಗಾಗಲಿ, ತೇವ ಕೊಡುವ ಯಂತ್ರಕ್ಕಾಗಲಿ ಹಾಕುವ ನೀರು ಬಟ್ಟಿ ಇಳಿಸಿದ್ದಾಗಿರಬೇಕು. ನಲ್ಲಿಯ ನೀರಿನ ಸುಣ್ಣದಂಶ ಯಂತ್ರದ ಸ್ಪಂಜಿನಲ್ಲಿ ಕಟ್ಟಿಕೊಳ್ಳುತ್ತದೆ, ಸೂಕ್ಷ್ಮಜೀವಿಗಳೂ ಅದರ ಜೊತೆ ಬರುತ್ತವೆ. ಸ್ಪಂಜೇ ಬೂಷ್ಟಿನ ಮನೆಯಾದರೆ ಫ್ಯಾನು ಅದನ್ನು ಕಪಾಟಿನ ತುಂಬ ಹಂಚುತ್ತದೆ.

ಸಿಗಾರಿನ ಮೇಲಿನ ಬಿಳುಪೆಂದರೆ ಸಿಗಾರು ಹಳೆಯದಾದಂತೆ ಎಲೆಯ ಎಣ್ಣೆ ಹೊರಬಂದು ಹರಳುಗಟ್ಟಿದ್ದು, ಅದು ಶ್ರೇಷ್ಠತೆಯ ಗುರುತು ಎಂದು ಮಾರುವವರು ಹೇಳುವುದುಂಟಂತೆ. ನನ್ನ ಕಣ್ಣಿಗೆ ಅದನ್ನು ತಂದು ತೋರಿಸಿದರೆ ನಾನು ಹೇಳುವುದಿಷ್ಟು: ನಾರುನಾರಾಗಿ ಎದ್ದು ನಿಂತಿದ್ದರೆ, ಗುಂಡುಚುಕ್ಕಿಗಳಾಗಿ ಹರಡಿದ್ದರೆ, ಹಸಿರು ಅಥವಾ ನೀಲಿ ಬಣ್ಣವಿದ್ದರೆ, ಮುಗ್ಗಲು ವಾಸನೆ ಬಂದರೆ ಅದು ಬೂಷ್ಟೇ. ಹೊರಮೈಯಲ್ಲಿ ಮಾತ್ರ ಇದ್ದರೆ ಬೇರೆ ಕಡೆ ಒಯ್ದು ಒರೆಸಿ, ಪ್ರತ್ಯೇಕವಾಗಿಟ್ಟು, ಮತ್ತೆ ಬರುತ್ತದೆಯೇ ಎಂದು ಕಾಯಬಹುದು. ಉರಿ ಹಚ್ಚುವ ತೆರೆದ ತುದಿಯಲ್ಲಿ ಕಂಡರೆ ಒಳಗೂ ಹೋಗಿದೆ, ಎಸೆಯಬೇಕು. ಹಲಗೆಗಳನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ವಾಸನೆ ಪೂರ್ತಿ ಹೋಗುವವರೆಗೆ ತೆರೆದಿಟ್ಟು ಒಣಗಿಸಿ, ಆಮೇಲೆ ತುಂಬಬೇಕು. ಹೊಸದಾಗಿ ಬಂದ ಪೆಟ್ಟಿಗೆಯನ್ನು ನೇರವಾಗಿ ಹಳೆಯದರ ಜೊತೆ ಸೇರಿಸದೆ ಕೆಲವು ವಾರ ಬೇರೆ ಇಡುವುದು ಕ್ಷೇಮ.

ಹುಳುವಿನ ವಿಷಯವನ್ನೂ ಹೇಳಬೇಕು, ಏಕೆಂದರೆ ಅದೂ ಬೂಷ್ಟಿನ ಜೊತೆಗಾರ. ಲಾಸಿಯೊಡರ್ಮಾ ಎಂಬ ಕಂದು ಬಣ್ಣದ ಪುಟ್ಟ ಜೀರುಂಡೆ ಒಣ ಸೊಪ್ಪನ್ನು ತೂತು ಕೊರೆಯುತ್ತದೆ. ನಮ್ಮ ಮೆಣಸಿನಕಾಯಿ, ಧನಿಯದ ಡಬ್ಬಿಯಲ್ಲೂ ಕಾಣುವುದು ಇದೇ. ಕಾವು ಏರಿದಷ್ಟೂ ಅದರ ಸಂತಾನ ಬೇಗ ಬೆಳೆಯುತ್ತದೆ, ಆದ್ದರಿಂದ ಸಿಗಾರಿನ ಕಪಾಟನ್ನು 21 ಡಿಗ್ರಿಯ ಆಸುಪಾಸಿನಲ್ಲಿ ಇಡುತ್ತಾರೆ. ಸೊಪ್ಪಿನ ಕಂಪನಿಗಳ ದಾರಿ ಬೇರೆ. ನಮ್ಮಿಂದ ಕೊಂಡ ಎಲೆಯನ್ನು ಅವರು ನರ ಬಿಡಿಸಿ, ಮತ್ತೆ ಒಣಗಿಸಿ, ಶೇ 12ರ ಆಸುಪಾಸಿನ ತೇವಕ್ಕೆ ತಂದು, 200 ಕೆ.ಜಿ.ಯ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬುತ್ತಾರೆ. ಹುಳುವಿಗೆ ಫಾಸ್ಫೀನ್ ಅನಿಲ ಬಿಡುತ್ತಾರೆ. ಆ ಅನಿಲ ಮನುಷ್ಯರಿಗೂ ಮಾರಕ. ತರಬೇತಿ ಇಲ್ಲದವರು ಅದರ ಮಾತ್ರೆಗಳನ್ನು ಮನೆಯ ಕೋಣೆಗೆ ತರಲೇಬಾರದು. ಸೊಪ್ಪಿನ ಕೋಣೆಯ ಪಕ್ಕದಲ್ಲೇ ಮಕ್ಕಳು ಮಲಗುವ ಮನೆಗಳು ನಮ್ಮಲ್ಲಿವೆ, ಅದಕ್ಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಸೊಪ್ಪು ಕಾಯುವ ವಿದ್ಯೆ ಬರೆಯುತ್ತಿರುವುದರಿಂದ ಸೇದುವುದು ಒಳ್ಳೆಯದು ಎಂದು ಯಾರೂ ತಿಳಿಯಬೇಡಿ. ಸಿಗರೇಟಾಗಲಿ ಸಿಗಾರಾಗಲಿ ಆರೋಗ್ಯಕ್ಕೆ ಕೇಡು. ಈ ಬೆಳೆ ಬಿಟ್ಟು ಬೇರೆಗೆ ಹೋಗಬೇಕೆಂಬ ಮಾತು ನಮ್ಮ ಮನೆಯಲ್ಲೂ ನಡೆದಿದೆ, ಶುಂಠಿ, ಮುಸುಕಿನ ಜೋಳ, ಅಡಿಕೆ ಎಂದು ಒಂದೊಂದು ವರ್ಷ ಒಂದೊಂದು ಹೆಸರು ಬರುತ್ತದೆ. ಬೆಳೆಯುವವರೆಗೂ ಬೆಳೆದದ್ದು ಕೊಳೆತು ಹೋಗಬಾರದು ಎಂಬುದಷ್ಟೇ ನನ್ನ ಕಾಳಜಿ. ಒಂದು ಬ್ಯಾರನ್ನು ಸೊಪ್ಪು ಬೂಷ್ಟಿಗೆ ಹೋದರೆ ಅದನ್ನು ಬೇಯಿಸಲು ಸುಟ್ಟ ಮರವೂ ಸುಮ್ಮನೆ ಸುಟ್ಟಂತೆ.

ಎಷ್ಟು ಕಾದರೂ ಒಂದೊಂದು ವರ್ಷ ಬೂಷ್ಟು ಬಂದೇ ಬರುತ್ತದೆ. ಆಗ ಕೆಟ್ಟ ಎಲೆಯನ್ನು ಒಳ್ಳೆಯದರ ನಡುವೆ ಮುಚ್ಚಿ ಬೇಲು ಕಟ್ಟಬಾರದು, ದಾರಿಯಲ್ಲೇ ಅದು ಉಳಿದದ್ದನ್ನೂ ತಿನ್ನುತ್ತದೆ. ಬೂಷ್ಟು ಕೊಡವುವ ಕೆಲಸವನ್ನು ಶೆಡ್ಡಿನೊಳಗೆ ಮಾಡಕೂಡದು. ಹೊರಗೆ, ಬಿಸಿಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಮೂಗು ಬಾಯಿಗೆ ಮಾಸ್ಕ್ ಹಾಕಿಕೊಂಡು ಮಾಡಬೇಕು. ಸೆರಗು ಸುತ್ತಿಕೊಂಡರೆ ಸಾಲದು, ಆ ಪುಡಿ ಬಹಳ ಸಣ್ಣದು. ಉಬ್ಬಸ ಇರುವವರನ್ನು, ಬಸುರಿಯರನ್ನು, ಮಕ್ಕಳನ್ನು ಆ ಕೆಲಸದ ಹತ್ತಿರ ಬಿಡಬಾರದು. ಕೊನೆಯ ಬೇಲು ಹರಾಜಿಗೆ ಹೋದ ಮೇಲೆ ನಾನು ಗೋಣಿ, ಚಾಪೆ, ಹಲಗೆಗಳನ್ನೆಲ್ಲ ಹೊರಗೆ ಹಾಕಿಸಿ ಮಾರ್ಚಿಯ ಬಿಸಿಲಿನಲ್ಲಿ ಒಣಗಿಸುತ್ತೇನೆ. ಮೂಲೆಗಳ ಸೊಪ್ಪಿನ ಚೂರು ಗುಡಿಸಿ ಸುಡಿಸಿ, ಗೋಡೆಗೆ ಸುಣ್ಣ ಬಳಿಸುತ್ತೇನೆ. ಸುಣ್ಣವನ್ನು ಬೇಸಗೆಯಲ್ಲೇ ಬಳಿಯಬೇಕು. ಜುಲೈನಲ್ಲಿ ಬ್ಯಾರನ್ ಹಚ್ಚುವ ಮುನ್ನಾದಿನ ಬಳಿದರೆ ಗೋಡೆ ಒಣಗುವುದಿಲ್ಲ, ಹಸಿ ಗೋಡೆಯ ಕೋಣೆಗೇ ಮೊದಲ ಪೇರು ಬಂದು ಬೀಳುತ್ತದೆ.